ತೂತಿಲ್ಲದ ದೋಸೆ

ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದ ಪುಣ್ಯಾತ್ಮ ನಾಗಲಕ್ಷ್ಮಮ್ಮ ಹುಯ್ದ ಮೊದಲ ದೋಸೆಯನ್ನು ನೋಡಿರಲಿಲ್ಲ. ದೀಪ ಹಿಡಿದು ಹುಡುಕಿದರೂ ಅದರಲ್ಲಿ ಒಂದು ತೂತು ಸಿಗುತ್ತಿರಲಿಲ್ಲ. ಟಾರ್ಪಾಲಿನ ತುಂಡಿನ ಹಾಗೆ ಕಾವಲಿಯ ಮೇಲೆ ಬಿದ್ದುಕೊಂಡಿತ್ತು. ಈಗ ನೆನೆದರೆ ಅವಳಿಗೇ ನಗು ಬರುತ್ತದೆ.

ಆಗಿನ್ನೂ ಸಿಂಗಸಂದ್ರದ ಸುತ್ತ ರಾಗಿ ಹೊಲಗಳಿದ್ದವು. ಹೊಸೂರು ರಸ್ತೆಯ ಕಾರ್ಖಾನೆಯ ಸೈರನ್ ಕೇಳಿ ಹೆಂಗಸರು ಒಲೆ ಹಚ್ಚುತ್ತಿದ್ದರು. ನಾಗಲಕ್ಷ್ಮಮ್ಮ ಹೊಸ ಸೊಸೆ. ಅತ್ತೆ ಚಿಕ್ಕಮುನಿಯಮ್ಮ ಬಾವಿಕಟ್ಟೆಯಲ್ಲಿ ಜಾರಿ ಮುಂಗೈ ಮುರಿದುಕೊಂಡದ್ದರಿಂದ ದೋಸೆ ಹಿಟ್ಟಿನ ಮಡಕೆ ಇವಳ ಪಾಲಿಗೆ ಬಂದಿತ್ತು. ಆನೇಕಲ್ ಕಡೆಯ ಅವಳ ತವರಿನಲ್ಲಿ ಎರಡು ಹೊತ್ತೂ ಮುದ್ದೆಯೇ. ದೋಸೆ ಹುಯ್ಯುವುದನ್ನು ಅವಳವ್ವ ಪಿಳ್ಳಮ್ಮನೇ ಕಲಿತಿರಲಿಲ್ಲ, ಇನ್ನು ಮಗಳಿಗೆ ಕಲಿಸುವುದೆಲ್ಲಿ ಬಂತು?

ಆ ಪಿಳ್ಳಮ್ಮ ಮಗಳ ಮನೆಗೆ ಮೊದಲ ಸಲ ಬರುವವಳಿದ್ದಳು, ಆ ತೂತಿಲ್ಲದ ದೋಸೆ ಹುಯ್ದ ಮರುದಿನವೇ. ಬೀಗರು ಬಂದರೆ ದೋಸೆ ಆಗಲೇಬೇಕು. ಸೊಸೆಯ ಅಡುಗೆ ಕೆಟ್ಟರೆ ಬೈಗುಳ ಹೋಗಿ ತಾಗುವುದು ಹೆತ್ತವಳಿಗೆ. ಅತ್ತೆಯ ನಾಲಿಗೆಯೋ ಮೊದಲೇ ಹರಿತ. ಅವ್ವನ ಎದುರಿಗೇ ಏನಂದುಬಿಡುತ್ತಾಳೋ ಎಂದು ನಾಗಲಕ್ಷ್ಮಮ್ಮನಿಗೆ ಸಂಕಟ. ಕೊನೆಗೆ ನಾಚಿಕೆ ಬಿಟ್ಟು ಅತ್ತೆಯನ್ನೇ ಕೇಳಿದಳು.

"ಬೆಳಿಗ್ಗೆ ಇಟ್ಟನ್ನ ಏನ್ ಮಾಡ್ದೆ?" ಎಂದಳು ಅತ್ತೆ.

"ಗಂಟಿರಬಾರ್ದು ಅಂತ ಸೌಟಲ್ಲಿ ಚೆನ್ನಾಗಿ ಕಡ್ದೆ ಅತ್ತೆಮ್ಮ."

"ಅಯ್ಯೋ ನಿನ್ನ! ಉಬ್ಬಿದ್ ಇಟ್ಟನ್ನ ಯಾರಾದ್ರೂ ಕಡೀತಾರಾ? ರಾತ್ರಿಯೆಲ್ಲಾ ಉಳಿ ಬಂದು ಗಾಳಿ ತುಂಬ್ಕೊಂಡಿರ್ತದೆ. ಆ ಗಾಳಿ ಕಾವಲಿ ಬಿಸಿಗೆ ಮ್ಯಾಕೆ ಬಂದು ಒಡೀತದಲ್ಲ, ಅದೇ ಕಣೆ ತೂತು. ನೀನು ಕಡ್ದು ಎಲ್ಲಾ ಓಡಿಸ್ಬಿಟ್ಟೆ."

ಮರುದಿನ ನಾಗಲಕ್ಷ್ಮಮ್ಮ ಹಿಟ್ಟನ್ನು ಕಲಕದೆ ಮೇಲಿಂದ ಮೆಲ್ಲಗೆ ತೆಗೆದು ಹುಯ್ದಳು. ಪುಟಪುಟನೆ ಗುಳ್ಳೆ ಎದ್ದವು, ಒಡೆದವು. ತೂತೋ ತೂತು! ಕುಣಿಯುವಷ್ಟು ಖುಷಿಯಾಯಿತು ಅವಳಿಗೆ.

ಪಿಳ್ಳಮ್ಮ ದೋಸೆಯನ್ನು ತಿರುಗಿಸಿ ನೋಡಿದಳು. "ಇಷ್ಟು ಚೆಂದಾಗಿ ಉಯ್ಯೋದನ್ನ ನಿಂಗ್ಯಾರೇ ಕಲಿಸಿದ್ದು?"

ಮಗಳು ಬಾಯಿ ತೆರೆಯುವ ಮುಂಚೆಯೇ ಅತ್ತೆ ಹೇಳಿದಳು: "ಇನ್ಯಾರು ಬೀಗಿತ್ತಿ, ನೀವೇ ಕಲಿಸಿ ಕಳ್ಸಿದ್ದಲ್ವಾ? ಬಂದಾಗ್ಲಿಂದ ಇಂಗೇ ಉಯ್ತಾಳೆ."

ಪಿಳ್ಳಮ್ಮ ತಲೆ ತಗ್ಗಿಸಿ ಇನ್ನೊಂದು ದೋಸೆ ಹಾಕಿಸಿಕೊಂಡಳು. ಸಂಜೆ ಬಸ್ಸಿಗೆ ಕಾಯುವಾಗ ಮಗಳ ಕೈ ಹಿಡಿದುಕೊಂಡಳು.

"ನಿಮ್ಮತ್ತೆ ಸುಳ್ಳು ಏಳಿದ್ಳು ಕಣೆ," ಎಂದಳು. "ಇಂಥಾ ಸುಳ್ಳು ಏಳೋರ ಮನೆಗೆ ನಿನ್ನ ಕೊಟ್ಟಿವ್ನಿ. ಇನ್ನು ನಂಗೆ ನಿದ್ದೆ ಬತ್ತದೆ."