ಬಟ್ಟೆ ಕುಡಿದ ನೀರು

ಗುಂಡಕ್ಕ ಹೊಟ್ಟೆ ಕತ್ತರಿಸಿಕೊಂಡದ್ದು ಅಂದಚಂದಕ್ಕಲ್ಲ, ತಂಗಿಗೆ ಕಿಡ್ನಿ ಕೊಡಲಿಕ್ಕೆ. ರಕ್ತ ಹೊಂದಿತ್ತು, ಮನಸ್ಸಂತೂ ಹುಟ್ಟಿನಿಂದಲೇ ಹೊಂದಿತ್ತು. ಅಡ್ಡ ಬಂದದ್ದು ಮೈ. "ಇಷ್ಟು ತೂಕ ಇಟ್ಕೊಂಡ್ರೆ ಕಿಡ್ನಿ ತೆಗೆಯೋಕಾಗಲ್ಲಮ್ಮ" ಎಂದಿದ್ದರು ಡಾಕ್ಟರು. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಇದೆಯೆಂದು ಗೊತ್ತಾದ ಗಳಿಗೆಯೇ ಇವಳು ತಯಾರು. "ಅಂಗಿ ಸಡಿಲ ಆದ್ರೆ ಒಳಗೊಂದು ಹೊಲಿಗೆ ಹಾಕ್ತೀವಲ್ಲ, ಹಾಗೇ ತಾನೆ?" ಅಂದಳು. ದರ್ಜಿಯವಳು, ಲೋಕವೆಲ್ಲ ಅವಳಿಗೆ ಹೊಲಿಗೆಯೇ.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ನರ್ಸು ಬಿಡಿಸಿ ಹೇಳಿದ್ದಳು: "ಪ್ರೋಟೀನು, ನೀರು, ಎರಡನ್ನೂ ತಪ್ಪಿಸ್ಬೇಡಿ. ಗಟಗಟ ಕುಡಿಯೋ ಕಾಲ ಮುಗೀತು. ಒಂದೊಂದೇ ಗುಟುಕು, ದಿನವಿಡೀ."

ಪ್ರೋಟೀನು ಕಷ್ಟವಾಗಲಿಲ್ಲ. ಕಿವುಚಿದ ಮೊಟ್ಟೆ, ಮೊಸರು, ಪುಡಿ ಕಲಸಿದ ಹಾಲು, ಎಲ್ಲವನ್ನೂ ಅಡುಗೆಮನೆಯಲ್ಲಿ ನಿಂತು ಔಷಧಿಯಂತೆ ನುಂಗುತ್ತಿದ್ದಳು. ಕಷ್ಟವಾದದ್ದು ನೀರು.

ಯಾಕೆಂದರೆ ಎದುರಿಗೆ ಕಡ್ಡಿ ಕೂತಿರುತ್ತಿದ್ದಳು. ತಂಗಿಗೆ ಅಕ್ಕ ಇಟ್ಟ ಹೆಸರು ಅದು. ಅಕ್ಕ ಮಷಿನ್ ತುಳಿದರೆ ತಂಗಿ ಗುಂಡಿ ಹಾಕುವಳು. ಇಬ್ಬರಿಗೂ ಒಂದೇ ಕೋಣೆ, ಒಂದೇ ಕಿಟಕಿ. ಡಯಾಲಿಸಿಸ್‌ನವಳಿಗೆ ನೀರು ಅಳತೆಯದು. ಬೆಳಗ್ಗೆ ತುಂಬಿಸಿದ ಪುಟ್ಟ ಬಾಟಲಿಯೇ ಮರುದಿನದವರೆಗೆ. ಮಧ್ಯಾಹ್ನಕ್ಕೆ ತುಟಿ ಒಡೆದು, ಐಸಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚುವಳು. ಅಂಥವಳ ಮುಂದೆ ಗಳಿಗೆಗೊಮ್ಮೆ ನೀರು ಎತ್ತುವುದು ಹೇಗೆ? ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ಇಬ್ಬರೂ ಎದುರುಬದುರು ಕೂತರೆ ಏನು ಮಾಡಬೇಕೆಂದು ಆ ಗಾದೆ ಕಟ್ಟಿದ ಪುಣ್ಯಾತ್ಮ ಹೇಳಲಿಲ್ಲ.

ಮೊದಲಿನ ಹೊಟ್ಟೆಯಾಗಿದ್ದರೆ ಅಡುಗೆಮನೆಗೆ ಹೋಗಿ ಒಂದೇ ಉಸಿರಿಗೆ ಚೊಂಬು ಖಾಲಿ ಮಾಡಿ ಬರಬಹುದಿತ್ತು. ಈಗ ಎರಡು ಗುಟುಕಿಗೇ ಎದೆ ಒತ್ತುತ್ತಿತ್ತು. ಗುಟುಕಿಗೊಮ್ಮೆ ಎದ್ದುಹೋದರೆ ತಂಗಿಗೆ ತಿಳಿಯದೆ ಇರುತ್ತದೆಯೇ?

"ಅಕ್ಕಾ, ನೀರು ಕುಡಿದ್ಯಾ?" ಎಂದು ಸಂಜೆ ಕಡ್ಡಿ ಕೇಳುವಳು.

"ನೋಡು, ಖಾಲಿ." ಗುಂಡಕ್ಕ ತನ್ನ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ತೋರಿಸುವಳು.

ಖಾಲಿಯೇನೋ ನಿಜ. ತಂಗಿ ಒಳಗೆ ಹೋದಾಗೆಲ್ಲ ಇಸ್ತ್ರಿ ಬಟ್ಟೆಗೆ ಅದೇ ನೀರನ್ನು ಚಿಮುಕಿಸುತ್ತಿದ್ದಳು. ಊರವರ ಅಂಗಿ, ಪ್ಯಾಂಟುಗಳೆಲ್ಲ ಕುಡಿದವು, ಅವಳೊಬ್ಬಳು ಕುಡಿಯಲಿಲ್ಲ. ತಲೆ ಸುತ್ತಿದರೆ "ತೂಕ ಇಳೀತಿದೆ, ಅದಕ್ಕೇ" ಎನ್ನುವಳು. ತೂಕ ಇಳಿದದ್ದೂ ನಿಜವೇ. ಕಿಡ್ನಿಯ ಕೊನೆಯ ಪರೀಕ್ಷೆಗೆ ದಿನ ಗೊತ್ತಾಗಿತ್ತು.

ಅದಕ್ಕೆ ಇನ್ನೇನು ಒಂದು ವಾರ ಇದೆ ಅನ್ನುವಾಗ ಮಷಿನ್ ಮೇಲೆಯೇ ಕುಸಿದು ಬಿದ್ದಳು.

"ಮೈಯಲ್ಲಿ ನೀರೇ ಇಲ್ಲ" ಎಂದರು ಡಾಕ್ಟರು. ಬಾಟಲಿಗಟ್ಟಲೆ ಡ್ರಿಪ್ ಹಾಕಿದರು, ಕಾದು ನೋಡಿದರು. ಕಡೆಗೆ ಅಕ್ಕತಂಗಿಯರನ್ನು ಕೂರಿಸಿಕೊಂಡು ಹೇಳಿದರು: "ನಿಮ್ಮ ಕಿಡ್ನಿಗೇ ಪೆಟ್ಟಾಗಿದೆಯಮ್ಮ. ಪೂರ್ತಿ ಸುಧಾರಿಸ್ತಿಲ್ಲ. ನಿಮ್ಮ ಜೀವಕ್ಕೆ ಭಯ ಇಲ್ಲ. ಆದ್ರೆ ಇನ್ನು ನೀವು ಕೊಡೋ ಹಾಗಿಲ್ಲ."

ಬಿಚ್ಚಿ ಮತ್ತೆ ಹೊಲಿಯುವಂಥದ್ದಲ್ಲ ಇದು ಎಂದು ಗುಂಡಕ್ಕನಿಗೆ ಆಗ ಅರ್ಥವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ತಂಗಿಯ ಬಾಯಿಗೆ.

ಮನೆಗೆ ಬಂದ ಮೇಲೆ ಕಡ್ಡಿ ಕೇಳಿದಳು. "ದಿನಾ ಬಾಟಲಿ ತೋರಿಸ್ತಿದ್ಯಲ್ಲೇ. ನೀರೆಲ್ಲ ಎಲ್ಲಿಗೆ ಹೋಯ್ತು?"

"ಬಟ್ಟೆಗೆ."

"ಯಾಕೆ?"

"ನಿನ್ನ ಮುಂದೆ ಹೇಗೆ ಕುಡೀಲಿ? ನೀನು ಐಸ್ ಚೀಪ್ತಾ ಕೂತಿರ್ತೀಯ..."

"ಅದು ನನ್ನ ಕಿಡ್ನಿ ಅಲ್ವೇನೇ ಅಕ್ಕಾ" ಎಂದಳು ಕಡ್ಡಿ. "ನನ್ನದನ್ನ ಒಣಗಿಸಿಟ್ಯಲ್ಲೇ, ಹುಚ್ಚಿ."

ನೈಟಿ ತೊಟ್ಟಿದ್ದ ಗುಂಡಕ್ಕ ಸೆರಗಿಲ್ಲದೆ, ಮಡಿಲಲ್ಲಿದ್ದ ಯಾರದೋ ಅಂಗಿಯಿಂದಲೇ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಕಡ್ಡಿ ಎದ್ದು ತನ್ನ ಸ್ಟೂಲನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡಳು. ಲೋಟಕ್ಕೆ ನೀರು ಬಗ್ಗಿಸಿ ತಾನೇ ಅವಳ ಬಾಯಿಗೆ ಹಿಡಿದಳು.

"ಕುಡಿ. ನಾನು ನೋಡ್ಬೇಕು."

ಗುಂಡಕ್ಕ ಒಂದು ಗುಟುಕು ಕುಡಿದಳು. ಅವಳ ಗಂಟಲನ್ನೇ ದಿಟ್ಟಿಸುತ್ತಿದ್ದ ಕಡ್ಡಿಯ ಒಣಗಂಟಲೂ ಅದರ ಜೊತೆಗೇ ನುಂಗಿತು.

"ಇನ್ನೊಂದು" ಎಂದಳು.