ಉಸಿರಮ್ಮ ಹೇಳದೆ ಹೋದದ್ದು

ಹೊಟ್ಟೆಯ ಮೇಲೆ ಬಂದು ಕೂತ ಕೈಯನ್ನು ಮಗಳು ಮೆಲ್ಲಗೆ ಎತ್ತಿ, ಅದರ ಒಡತಿಗೇ ವಾಪಸ್ಸು ಕೊಟ್ಟಳು. ಬೆಳಗಿನಿಂದ ಇಂಥ ಕೈಗಳು ಎಷ್ಟು ಬಂದು ಹೋದವೋ ಲೆಕ್ಕವಿಲ್ಲ. ಬಂದ ಹೆಂಗಸರೆಲ್ಲ ಮೊದಲು ತೀರಿಹೋದ ಅಮ್ಮನ ಮುಖ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಅದೇ ಒದ್ದೆ ಕೈಯನ್ನು ತಂದು ಮಗಳ ಹೊಟ್ಟೆಯ ಮೇಲಿಡುತ್ತಿದ್ದರು. ತುಂಬು ಬಸುರಿಯ ಹೊಟ್ಟೆ ಊರವರ ಆಸ್ತಿ ಎಂದು ಯಾರು ಬರೆದುಕೊಟ್ಟಿದ್ದರೋ.

"ಮಗುವಿನ ತಲೆ ಇನ್ನೂ ಮೇಲೇ ಇದೆಯೇನಮ್ಮ?" ಕೈಯ ಒಡತಿ ಕೇಳಿದಳು. ಪೇಟೆಯಲ್ಲಿ ಬೇಕರಿ ನಡೆಸುವವಳು, ಅಮ್ಮನ ಶಿಷ್ಯೆಯರಲ್ಲೆಲ್ಲ ಹಿರಿಯಳು. ತನ್ನ ಮೂರೂ ಮಕ್ಕಳನ್ನು ಅಮ್ಮನ ಪಾಠದ ಬಲದಿಂದಲೇ ಹೆತ್ತೆನೆಂದು ಬ್ರೆಡ್ಡು ಕೊಳ್ಳಲು ಬಂದವರಿಗೂ ಹೇಳುತ್ತಿದ್ದಳು.

"ಮೇಲೇ ಇದೆ ಅಕ್ಕಾ."

"ತಿರುಗುತ್ತೆ ಬಿಡು. ಟೀಚರೇ ಮೇಲೆ ಕೂತು ತಿರುಗಿಸ್ತಾರೆ ನೋಡ್ತಿರು."

ಮಗಳು ತಲೆಯಾಡಿಸಿದಳು. ಹೋದ ವಾರ ಡಾಕ್ಟರು ಎರಡೂ ಕೈ ಇಟ್ಟು ಹೊಟ್ಟೆಯ ಮೇಲಿಂದ ತಿರುಗಿಸಲು ನೋಡಿದ್ದರು. ಮಗು ಜಪ್ಪಯ್ಯ ಅಂದರೂ ಅಲುಗಾಡಿರಲಿಲ್ಲ. ಈಗ ಉಳಿದದ್ದು ಎರಡು ದಾರಿ. ನಾಡಿದ್ದು ಬೆಳಿಗ್ಗೆ ಆಪರೇಷನ್. ಇಲ್ಲವೇ ನೋವು ತಾನಾಗಿ ಬರುವವರೆಗೆ ಕಾದು, ಕಾಲು ಮುಂದಾಗಿ ಬರುವ ಮಕ್ಕಳನ್ನು ಹೆರಿಗೆ ಮಾಡಿಸಿ ಪಳಗಿದ ಡಾಕ್ಟರಿರುವ ದೊಡ್ಡಾಸ್ಪತ್ರೆಗೆ ಹೋಗುವುದು. ಅಲ್ಲಿಯೂ ಕೊನೆಗೆ ಆಪರೇಷನ್ನೇ ಆಗಬಹುದು, ಆಗದೆಯೂ ಇರಬಹುದು. ಯಾವುದೆಂದು ಇವತ್ತು ಸಂಜೆಯೊಳಗೆ ಹೇಳಬೇಕಿತ್ತು.

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವುದೇ ಅವಳ ಕೆಲಸ. ತನ್ನ ಪಾಳಿ ಬಂದಾಗ ಮಾತ್ರ ಎರಡೂ ಒಂದೇ ಥರ ಮಸುಕಾಗಿದ್ದವು.

*

ಊರಿಗೆಲ್ಲ ಅಮ್ಮ ಉಸಿರಮ್ಮ. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬಸುರಿಯರನ್ನೂ ಅವರ ಗಂಡಂದಿರನ್ನೂ ಚಾಪೆಯ ಮೇಲೆ ಕೂರಿಸಿಕೊಂಡು ಹೆರಿಗೆಯ ಪಾಠ ಹೇಳುತ್ತಿದ್ದಳು. ನೋವು ಏರುವಾಗ ಉಸಿರನ್ನು ಹೇಗೆ ಉದ್ದಕ್ಕೆ ಬಿಡಬೇಕು, ಯಾವಾಗ ಎದ್ದು ನಡೆಯಬೇಕು, ಗಂಡನಾದವನು ಸೊಂಟವನ್ನು ಎಲ್ಲಿ ಒತ್ತಬೇಕು, ಎಲ್ಲಿ ಮುಟ್ಟದೆ ತೆಪ್ಪಗಿರಬೇಕು. "ನಾವು ಕೆಳಗೆ ಗಾಳಿ ತುಂಬ್ತೀವಿ, ಅವರು ಮೇಲೆ ಬಿಡಿಸ್ತಾರೆ" ಎಂದು ಟೈರ್ ಅಂಗಡಿಯವನು ನಗುತ್ತಿದ್ದ.

ಉಸಿರಿಗಿಂತ ಹೆಚ್ಚು ಹೊತ್ತು ಅಮ್ಮ ಕಲಿಸುತ್ತಿದ್ದದ್ದು ಬಾಯಿ ಬಿಡುವುದನ್ನು.

"ಡಾಕ್ಟರು ಏನು ಮಾಡೋಣ ಅಂದ್ರೂ ಕೇಳಿ. ಇದು ಯಾಕೆ? ಬೇರೆ ದಾರಿ ಇದೆಯಾ? ಸ್ವಲ್ಪ ಕಾದ್ರೆ ಏನಾಗುತ್ತೆ? ಕೇಳಿ ತಿಳ್ಕೊಂಡ ಮೇಲೆ ಯಾವುದು ಬೇಕು ಅಂತ ಹೆರೋಳೇ ಹೇಳ್ಬೇಕು. ಗಂಡ ಹೇಳಬಾರದು, ಅತ್ತೆ ಹೇಳಬಾರದು, ನಾನೂ ಹೇಳಬಾರದು."

"ಮತ್ತೆ ನಿಮಗೆ ಫೀಸು ಯಾಕೆ ಟೀಚರ್?" ಒಬ್ಬ ಗಂಡ ಕೇಳಿದ್ದ.

"ಹೇಳದೆ ಇರೋದಕ್ಕೆ. ಅದೇ ಕಷ್ಟದ ಕೆಲಸ."

ಎಲ್ಲರೂ ನಕ್ಕಿದ್ದರು. ಚಹಾ ತಂದುಕೊಡಲು ಹೋಗಿದ್ದ ಮಗಳೂ ನಕ್ಕಿದ್ದಳು. ಆಗ ಅವಳಿಗೆ ಮದುವೆಯೂ ಆಗಿರಲಿಲ್ಲ.

*

ವಿದ್ಯುತ್ ಚಿತಾಗಾರದಲ್ಲಿ ಅಮ್ಮನಿಗಿಂತ ಮುಂಚಿನವರ ಪಾಳಿ ಇನ್ನೂ ಮುಗಿದಿರಲಿಲ್ಲ. ಉದ್ದನೆಯ ವರಾಂಡದಲ್ಲಿ ಗೋಡೆಗೆ ಹೊಂದಿಸಿದ ಸಿಮೆಂಟು ಬೆಂಚು, ಒಂದು ಫ್ಯಾನು, ಕೈ ತೊಳೆಯುವ ನಲ್ಲಿ. ಅಮ್ಮನನ್ನು ಬಾಗಿಲ ಹತ್ತಿರದ ಗಾಲಿಮಂಚದ ಮೇಲೆ ಮಲಗಿಸಿದ್ದರು. ಮಗಳ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಕಚ್ಚುತ್ತಿತ್ತು. ಬಗ್ಗಿ ಸಡಿಲಿಸುವ ಹಾಗಿಲ್ಲ. ಗಂಡ ಕಾಗದಪತ್ರ ಹಿಡಿದುಕೊಂಡು ಕಚೇರಿಯ ಕಿಟಕಿಯ ಮುಂದೆ ನಿಂತಿದ್ದ.

ಶಿಷ್ಯೆಯರು ಬೆಂಚು ತುಂಬ ಕೂತು ಪಿಸುಗುಟ್ಟುತ್ತಿದ್ದರು. ಕೊನೆಗೆ ಅಮ್ಮನ ತಮ್ಮ, ಬಸ್ ಓಡಿಸಿ ನಿವೃತ್ತನಾದ ಸೋದರಮಾವ, ಗಂಟಲು ಸರಿಮಾಡಿಕೊಂಡ.

"ನೋಡು ಮಗಳೇ, ನಿಮ್ಮಮ್ಮ ಜೀವನಪೂರ್ತಿ ಇದನ್ನೇ ಹೇಳಿದ್ಲು. ಅವಳ ಮಗಳೇ ಹೊಟ್ಟೆ ಕುಯ್ಸಿಕೊಂಡ್ರೆ ಜನ ಏನಂತಾರೆ?"

"ಅಮ್ಮ ಏನು ಹೇಳಿದ್ಲು ಮಾವ?"

"ಅದೇ... ನಾರ್ಮಲ್ಲಾಗೇ ಆಗ್ಬೇಕು ಅಂತ."

"ನಾವೆಲ್ಲ ಇದ್ದೀವಲ್ಲ," ಬೇಕರಿಯಾಕೆ ಹತ್ತಿರ ಸರಿದಳು. "ಒಬ್ಬೊಬ್ಬರಾಗಿ ನಿನ್ನ ಜೊತೆ ಇರ್ತೀವಿ. ಸೊಂಟ ಒತ್ತೋದಕ್ಕೆ ಒಬ್ಬಳು, ಉಸಿರು ಹೇಳ್ಕೊಡೋದಕ್ಕೆ ಒಬ್ಬಳು. ಟೀಚರಿಗೆ ನಾವು ಬೇರೆ ಏನು ಕೊಡಕ್ಕಾಗುತ್ತೆ ಹೇಳು?"

ಅವಳ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನ ನೀರಲ್ಲ. ಅದಕ್ಕೇ ಮಗಳಿಗೆ ಜಗಳವಾಡಲೂ ಆಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಬೇಕು ಎಂದು ಹೇಳಿ, ಗೋಡೆ ಹಿಡಿದು ಎದ್ದು, ನಲ್ಲಿಯ ಕಡೆ ನಡೆದಳು.

*

ಮೊನ್ನೆ ಸಂಜೆ ಪಾಠ ಮುಗಿಯುವ ಹೊತ್ತಿಗೆ ಅವಳು ಏದುಸಿರು ಬಿಡುತ್ತ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಅಮ್ಮ ಚಾಪೆ ಸುತ್ತುತ್ತಿದ್ದಳು.

"ನೀನಾಗಿದ್ರೆ ಏನು ಮಾಡ್ತಿದ್ದೆ?"

"ನಾನು ನೀನಲ್ಲವಲ್ಲ."

"ಅಮ್ಮಾ, ನಾನು ನಿನ್ನ ಕ್ಲಾಸಿಗೆ ಬಂದಿಲ್ಲ. ಮಗಳಾಗಿ ಕೇಳ್ತಿದ್ದೀನಿ."

"ಮಗಳು ಅಂತಲೇ ಹೇಳ್ತಿಲ್ಲ. ಬೇರೆಯವರಿಗಾದ್ರೆ ಬಾಯಿ ತಪ್ಪಿ ಹೇಳಿಬಿಡ್ತಿದ್ದೆನೋ ಏನೋ. ನೀನು ನನ್ನ ಮುಖ ನೋಡ್ಕೊಂಡು ನಿರ್ಧಾರ ಮಾಡೋಳು, ಚಿಕ್ಕಂದಿನಿಂದ್ಲೂ." ಅಮ್ಮ ಚಾಪೆಗಳನ್ನು ಮೂಲೆಗೆ ಒರಗಿಸಿದಳು. "ಯಾವುದಾದ್ರೂ ಆಗ್ಲಿ, ನಾನು ಪಕ್ಕದಲ್ಲಿರ್ತೀನಿ. ಸಾಲದಾ?"

"ಸಾಲದು," ಎಂದು ಮಗಳು ದಡದಡನೆ ಇಳಿದುಹೋಗಿದ್ದಳು. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಆದರೆ ರಾತ್ರಿ ಮಲಗುವ ಹೊತ್ತಿಗೆ, ಕಾಯೋಣ ಎಂದು ಅವಳ ಮನಸ್ಸು ಮುಕ್ಕಾಲು ಪಾಲು ವಾಲಿತ್ತು. ಅಮ್ಮ ಪಕ್ಕದಲ್ಲಿದ್ದರೆ ಏನನ್ನಾದರೂ ತಡೆದುಕೊಳ್ಳಬಹುದು ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಅದೇ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಟೈರ್ ಅಂಗಡಿಯವನು ಗ್ರೀಸು ಮೆತ್ತಿದ ಕೈಯಲ್ಲೇ ಎತ್ತಿಕೊಂಡು ಓಡಿದ್ದನಂತೆ.

*

"ನಿಮ್ಮ ಕಡೆಯವರು ಬೆಳಿಗ್ಗೆಯೇ ಫೋನ್ ಮಾಡಿದ್ರಲ್ಲ?" ಡಾಕ್ಟರು ಫೋನಿನಲ್ಲಿ ಆಶ್ಚರ್ಯದಿಂದ ಕೇಳಿದರು. "ಆಪರೇಷನ್ ಬೇಡ, ಕಾಯ್ತೀರಿ, ಅದು ಅಮ್ಮನ ಕೊನೇ ಆಸೆ ಅಂದ್ರು. ಬೇಕರಿಯವರಂತೆ. ನಿಮ್ಮ ಬಾಯಿಂದಲೇ ಕೇಳೋಣ ಅಂತ ನಾನಿನ್ನೂ ಏನೂ ಬದಲಾಯಿಸಿಲ್ಲ."

ಮಗಳು ನಲ್ಲಿಯ ಕಟ್ಟೆ ಹಿಡಿದುಕೊಂಡಳು. ಇಷ್ಟು ವರ್ಷ ಪಾಠ ಕೇಳಿದವರು! ಅಮ್ಮನ ಮೇಲಿನ ಪ್ರೀತಿಗೆ ಅಮ್ಮ ಹೇಳಿದ ಒಂದೇ ಒಂದು ಮಾತನ್ನು ಗಾಳಿಗೆ ತೂರಿದ್ದರು. ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಸುಸ್ತು, ಮೂಳೆಯೊಳಗಿನ ಸುಸ್ತು. ಆ ಸುಸ್ತಿನ ತಳದಲ್ಲಿ ಉತ್ತರ ಇತ್ತು.

"ನಾಡಿದ್ದೇ ಮಾಡಿ ಡಾಕ್ಟ್ರೇ," ಅಂದಳು. "ಕಾಯೋದಕ್ಕೆ ನನಗೆ ಭಯ ಇಲ್ಲ. ಕಾಯೋ ಶಕ್ತಿ ಇಲ್ಲ. ಮಗು ಹೊರಗೆ ಬಂದ ತಕ್ಷಣ ನನ್ನ ಎದೆ ಮೇಲೆ ಇಡಬಹುದಾ? ನನ್ನ ಗಂಡ ಒಳಗಿರಬಹುದಾ?"

"ಮಗು ಚೆನ್ನಾಗಿ ಅತ್ತರೆ ಇಡ್ತೀವಿ. ಗಂಡನ್ನೂ ಬಿಡ್ತೀವಿ, ತಲೆ ಸುತ್ತಿ ಬೀಳಲ್ಲ ಅಂದ್ರೆ."

"ಬಿದ್ರೆ ಅಲ್ಲೇ ಬಿಟ್ಟುಬಿಡಿ," ಅಂದಳು ಮಗಳು. ಡಾಕ್ಟರು ನಕ್ಕರು.

ಅವಳು ತಿರುಗಿದಾಗ ವರಾಂಡದಲ್ಲಿ ಪಿಸುಮಾತು ನಿಂತಿತ್ತು. ಎಲ್ಲರಿಗೂ ಕೇಳಿಸಿತ್ತು. ಬೇಕರಿಯಾಕೆಯ ಮುಖ ಬಿಳಿಚಿಕೊಂಡಿತ್ತು.

"ಟೀಚರಿಗೆ ಏನನ್ನಿಸುತ್ತೋ," ಅಂದಳು ಸಣ್ಣ ದನಿಯಲ್ಲಿ.

"ಗೊತ್ತಿಲ್ಲ ಅಕ್ಕಾ. ನಾನು ಕೇಳಿದ್ದೆ. ಅವಳು ಹೇಳ್ಲಿಲ್ಲ." ಮಗಳು ಅವಳ ಕಣ್ಣನ್ನೇ ನೋಡಿದಳು. "ನನಗೇ ಹೇಳ್ದೆ ಇದ್ದೋಳು ನಿಮಗೆ ಯಾವಾಗ ಹೇಳಿದ್ಲು?"

ಸೋದರಮಾವ ಫ್ಯಾನಿನ ಕಡೆ ನೋಡತೊಡಗಿದ.

ಅಷ್ಟರಲ್ಲಿ ಕಬ್ಬಿಣದ ಬಾಗಿಲು ತೆರೆಯಿತು. ಖಾಕಿ ಅಂಗಿಯ ಕೆಲಸಗಾರ ಹೊರಗೆ ಬಂದು, ಮನೆಯವರು ಯಾರು ಎಂದು ಕೇಳಿ, ಗಾಲಿಮಂಚವನ್ನು ಒಳಗೆ ತಳ್ಳಿಕೊಂಡು ಹೋದ. ಮಗಳೂ ಗಂಡನೂ ಹಿಂದೆಯೇ ಹೋದರು. ಯಾರೋ ಬೇಡ ಅಂದರು, ಅವಳು ಕೇಳಿಸಿಕೊಳ್ಳಲಿಲ್ಲ. ಅಮ್ಮನ ಹಣೆಯ ಮೇಲೆ ಕೂದಲು ಬಿದ್ದಿತ್ತು, ಅದನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಕುಲುಮೆಯ ಬಾಗಿಲು ಮೇಲಕ್ಕೆದ್ದು, ಅಮ್ಮ ಒಳಗೆ ಹೋದ ಮೇಲೆ ಕೆಳಗಿಳಿಯಿತು. ಅಷ್ಟೇ.

"ನಾಡಿದ್ದು ಬೆಳಿಗ್ಗೆ ಬಂದು ಬೂದಿ ತಗೊಂಡು ಹೋಗಿ," ಕೆಲಸಗಾರ ಹೇಳಿದ. "ಮಕ್ಕಳೇ ಬಂದ್ರೆ ಒಳ್ಳೇದು."

"ನಾಡಿದ್ದು ಬೆಳಿಗ್ಗೆ ನಂಗೆ ಆಗಲ್ಲ. ನಂಗೆ ಮಗು ಆಗುತ್ತೆ. ಇವರೂ ನನ್ನ ಜೊತೆ ಇರ್ತಾರೆ."

ದಿನವೂ ಸಾವು ನೋಡುವ ಮನುಷ್ಯ ಅವಳ ಹೊಟ್ಟೆ ನೋಡಿದ, ಮುಖ ನೋಡಿದ. ತಾನು ಕೂರುವ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು ಅವಳ ಹಿಂದಿಟ್ಟ. ಅವಳು ಕೂತಳು. ಕೂತದ್ದೇ, ಎರಡು ದಿನದಿಂದ ಬಾರದ ಅಳು ಒಮ್ಮೆಗೇ ಬಂತು. ಸದ್ದು ಮಾಡಿ, ಬಾಯಿ ತೆರೆದು, ಮೈ ಕುಲುಕುವ ಹಾಗೆ ಅತ್ತಳು.

ಬಾಗಿಲಲ್ಲಿ ಬೇಕರಿಯಾಕೆ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ.

"ನಾಡಿದ್ದು ನಾನು ಬಂದು ಬೂದಿ ತಗೊಳ್ಲಾ?" ಅಂದಳು. "ಇಲ್ಲಾ ನೀನು ಬರೋವರೆಗೂ ಇಲ್ಲೇ ಇಟ್ಕೊಳ್ಳಿ ಅಂತ ಹೇಳ್ಲಾ? ನಿಂಗೆ ಹೇಗೆ ಬೇಕಮ್ಮಾ?"

ಮಗಳ ಅಳು ಇನ್ನೂ ಬಹಳ ಹೊತ್ತಿನದಿತ್ತು. ಬೇಕರಿಯಾಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಹೊಸ್ತಿಲಾಚೆಯೇ ನಿಂತು ಕಾದಳು.