ಹನ್ನೊಂದು ನಿಮಿಷದ ಸ್ಟೂಲು

"ಏಯ್ ಪರದೆ, ಗೋಡೆ ಬಿದ್ದುಹೋಗುತ್ತೆ ಅಂತ ಬೆನ್ನು ಕೊಟ್ಟು ನಿಂತಿದ್ದೀಯಾ? ಅದನ್ನ ನಿಮ್ಮಪ್ಪ ಕಟ್ಟಿಸಿದ್ದಲ್ಲ, ಸಾಹುಕಾರರು ಕಟ್ಟಿಸಿದ್ದು. ನಿಲ್ಲು ನೆಟ್ಟಗೆ."

ದೊಡ್ಡವಳು ಬೆನ್ನನ್ನು ಗೋಡೆಯಿಂದ ಬಿಡಿಸಿಕೊಂಡಳು. ಬಟ್ಟೆ ಅಂಗಡಿಯ ಎರಡನೇ ಮಹಡಿಯಲ್ಲಿ ಪರದೆ ಬಟ್ಟೆ ಮಾರುವವಳು ಅವಳು, ಹದಿನಾಲ್ಕು ವರ್ಷದಿಂದ. ಕೂಗಿದವನು ಆ ಮಹಡಿಯ ಸೂಪರ್‌ವೈಸರ್. ಹೆಂಗಸರು ಎಲ್ಲಾದರೂ ಒರಗಿದ್ದು ಕಂಡರೆ ಅವನದು ಮೊದಲು ಶಿಳ್ಳೆ, ಆಮೇಲೆ ಮಾತು. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವನನ್ನು ಶಿಳ್ಳೆ ಅಂತಲೇ ಕರೆಯುತ್ತಿದ್ದರು. ಗಿರಾಕಿ ಇರಲಿ ಬಿಡಲಿ, ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಹಾಕುವವರೆಗೆ ಯಾರೂ ಕೂರುವಂತಿಲ್ಲ. ಕೂತವಳನ್ನು ಕಂಡರೆ ಗಿರಾಕಿಗೆ ಅಂಗಡಿಯೇ ಮಲಗಿದೆ ಅನ್ನಿಸುತ್ತದಂತೆ. ಹಾಗಂತ ಸಾಹುಕಾರರು ಹೇಳಿದ್ದರು.

ಅವಳ ಮೊಣಕಾಲಿನ ಕೆಳಗೆ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು. ಯೂನಿಫಾರ್ಮಿನ ಪ್ಯಾಂಟು ಅದನ್ನೆಲ್ಲ ಮುಚ್ಚುತ್ತಿತ್ತು. ಪಾದವನ್ನು ಮಾತ್ರ ಮುಚ್ಚುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಪಾದ ಊದಿ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗುತ್ತಿತ್ತು. ಮನೆಯಲ್ಲಿ ಅವಳು ಯಾರಿಗೂ ಕಾಲು ತೋರಿಸಿದವಳಲ್ಲ. ಗಂಡನೂ ಸರಿಯಾಗಿ ನೋಡಿರಲಿಲ್ಲ.

ಆ ಹೆಂಗಸರಿಗೆ ಇದ್ದ ಬಿಡುವೆಂದರೆ ಒಂದೇ, ಪಿನ್ನು. ಮಡಚಿದ ಬಟ್ಟೆಗೆಲ್ಲ ಪಿನ್ನು ಹಾಕಿರುತ್ತಿದ್ದರು. ಬಿದ್ದ ಪಿನ್ನು ಗಿರಾಕಿಯ ಕಾಲಿಗೆ ಚುಚ್ಚೀತೆಂದು, ತಕ್ಷಣ ಹುಡುಕಿ ಎತ್ತಬೇಕೆಂಬುದು ಅಂಗಡಿಯದೇ ಕಟ್ಟಳೆ. ಕಾಲು ಸೋತವಳು "ಪಿನ್ನು ಬಿತ್ತು" ಅಂತ ಹೇಳಿ ಕೌಂಟರಿನ ಹಿಂದೆ ಕುಕ್ಕರಿಸುತ್ತಿದ್ದಳು. ಒಂದು ನಿಮಿಷ, ಹೆಚ್ಚೆಂದರೆ ಎರಡು. ಅವಳು ಏಳುವ ತನಕ ಇನ್ನೊಬ್ಬಳ ಪಿನ್ನು ಬೀಳುತ್ತಿರಲಿಲ್ಲ. ಈ ಉಪಾಯ ಕಂಡುಹಿಡಿದವಳು ಯಾರೋ, ಅವಳ ಹೊಟ್ಟೆ ತಣ್ಣಗಿರಲಿ. ದೊಡ್ಡವಳೇ ಇದನ್ನು ಚಿಕ್ಕವಳಿಗೆ ಮೊದಲ ದಿನ ಹೇಳಿಕೊಟ್ಟಿದ್ದಳು.

ಚಿಕ್ಕವಳೆಂದರೆ ಅವಳ ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ, ಈಗ ಒಂದೇ ಅಂಗಡಿ. ಎದುರಿನ ಕೌಂಟರಿನಲ್ಲಿ ಟವೆಲ್ಲು ಮಾರುತ್ತಿದ್ದಳು. ನಕ್ಕರೆ ಕೆನ್ನೆಯಲ್ಲಿ ಗುಳಿ. ಪರದೆ ಕೊಳ್ಳಲು ಬಂದವರೂ ಮೊದಲು ಹೋಗಿ ಅವಳನ್ನೇ ಕೇಳುತ್ತಿದ್ದರು. ದೊಡ್ಡವಳು ಅದನ್ನೆಲ್ಲ ನುಂಗಿಕೊಂಡಿದ್ದಳು.

ಶಾಸಕರು ಬಂದದ್ದು ಒಂದು ಬೆಳಗ್ಗೆ, ಕ್ಯಾಮೆರಾದವನ ಜೊತೆ. ಹಿಂದೆ ಒಬ್ಬ ಸ್ಟೂಲು ಹೊತ್ತು ತಂದ. ಕೆಂಪು ಮೆತ್ತೆಯ ಹೊಸ ಸ್ಟೂಲು, ಅಂಟಿಸಿದ ಚೀಟಿ ಕೂಡ ಕಿತ್ತಿರಲಿಲ್ಲ.

"ಅಂಗಡಿ ಕೆಲಸದವರಿಗೆ ಕೂರೋ ಹಕ್ಕು ಕೊಡಬೇಕು ಅಂತ ಒಂದು ಮಸೂದೆ ತರ್ತಿದ್ದೀನಿ," ಅಂದರು ಶಾಸಕರು ಸಾಹುಕಾರರಿಗೆ. "ಮಸೂದೆಗಳ ವಿಚಾರ ಕ್ಷೇತ್ರದ ಜನಕ್ಕೆಲ್ಲ ವರದಿ ಕಳಿಸ್ತಿದ್ದೀವಿ. ಅದಕ್ಕೊಂದು ಫೋಟೋ ಬೇಕು."

"ತಗೊಳ್ಳಿ ಸಾರ್, ಅಂಗಡಿ ನಿಮ್ಮದೇ," ಅಂದರು ಸಾಹುಕಾರರು, ಸ್ಟೂಲನ್ನು ಹಾವು ನೋಡಿದ ಹಾಗೆ ನೋಡುತ್ತ.

ದೊಡ್ಡವಳು ತನಗೆ ಗೊತ್ತಿಲ್ಲದ ಹಾಗೆ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಈ ಮಹಡಿಯಲ್ಲಿ ಅವಳಷ್ಟು ವರ್ಷ ನಿಂತವರು ಯಾರಿದ್ದಾರೆ? ಕೂದಲು ಒತ್ತಿಕೊಂಡಳು, ಮುಖ ಒರೆಸಿಕೊಂಡಳು. ಕ್ಯಾಮೆರಾದವನ ಕಣ್ಣು ಅವಳನ್ನು ಮೇಲಿಂದ ಕೆಳಗೆ ನೋಡುತ್ತ ಬಂದು ಪಾದದ ಹತ್ತಿರ ನಿಂತಿತು.

"ಇವರು ಬೇಡ ಸಾರ್. ಕಾಲು ಹಂಗಿದೆ. ಆಸ್ಪತ್ರೆ ಫೋಟೋ ಥರ ಬರುತ್ತೆ. ಆ ಟವೆಲ್ಲಿನ ಹುಡುಗೀನ ಕೂರಿಸಿ."

ಚಿಕ್ಕವಳು ಕೂತಳು. ಗೋಡೆಯ ಗಡಿಯಾರದಲ್ಲಿ ದೊಡ್ಡವಳು ನೋಡಿದಳು, ಹನ್ನೊಂದು ನಿಮಿಷ. ಚಿಕ್ಕವಳ ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದಿದ್ದವು. ಶಾಸಕರು ಬಾಗಿ ಏನೋ ಕೇಳಿದರು. ಅವಳು ಮೆಲ್ಲಗೆ ಏನೋ ಹೇಳಿದಳು. ಆಮೇಲೆ ಇಬ್ಬರೂ ಪರದೆಯ ಕೌಂಟರಿನ ಕಡೆ ತಿರುಗಿ ನೋಡಿದರು. ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡು ದೊಡ್ಡವಳು ಪಾದವನ್ನು ಕೌಂಟರಿನ ಕೆಳಗೆ ಎಳೆದುಕೊಂಡಳು.

ಹೋಗುವಾಗ ಶಾಸಕರು ಸ್ಟೂಲನ್ನು ಅಂಗಡಿಗೇ ಬಿಟ್ಟುಹೋದರು. ಅವರ ಕಾರು ಬೀದಿ ತಿರುಗುವಷ್ಟರಲ್ಲಿ ಅದು ಕೆಳಗೆ ಮೆಟ್ಟಿಲ ಸಂದಿಗೆ ಸೇರಿತು. ಮಾರನೇ ದಿನದಿಂದ ಅದರ ಮೇಲೆ ಶಿಳ್ಳೆಯ ಊಟದ ಡಬ್ಬಿ ಕೂತಿರುತ್ತಿತ್ತು.

"ನೋಡ್ರೇ, ಡಬ್ಬಿಗೆ ಹಕ್ಕು ಸಿಕ್ತು," ಅಂದಳು ಬೆಡ್‌ಶೀಟಿನವಳು. ಎಲ್ಲರೂ ನಕ್ಕರು. ದೊಡ್ಡವಳಿಗೆ ನಗು ಬರಲಿಲ್ಲ.

ಆ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಚಿಕ್ಕವಳನ್ನು ಕೇಳಿದಳು, "ಹೆಂಗಿತ್ತೇ?"

"ಏನಕ್ಕ?"

"ಸ್ಟೂಲು."

"ಸ್ಟೂಲು ಸ್ಟೂಲಿನಂಗೇ ಇತ್ತು."

"ಮೆತ್ತಗಿತ್ತಾ?"

"ಬಿಡಿ ಅಕ್ಕ."

"ಶಾಸಕರ ಕಿವಿಲಿ ಏನೋ ಊದ್ತಿದ್ದೆ?"

ಚಿಕ್ಕವಳು ತಟ್ಟೆ ಒರೆಸುತ್ತಲೇ ಇದ್ದಳು. "ಏನೋ ಕೇಳಿದ್ರು, ಹೇಳಿದೆ. ಅಷ್ಟೇ."

ಹೊರಗೆ ಅತ್ತೆ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಕೇಳಿಸಿತು. "ನಮ್ಮ ಸೊಸೆ ಫೋಟೋ ಶಾಸಕರ ಪತ್ರಿಕೇಲಿ ಬರುತ್ತಂತೆ. ಚಿಕ್ಕೋಳದು. ದೊಡ್ಡೋಳಿಗೆ ಆ ಮುಖ ಎಲ್ಲಿದೆ?"

ಚಿಕ್ಕವಳು ನೀರು ಬೆಚ್ಚಗೆ ಮಾಡಿದಳು. ಬೋಗುಣಿಗೆ ಸುರಿದು, ಕೈ ಅದ್ದಿ ಬಿಸಿ ನೋಡಿ, ಉಪ್ಪು ಹಾಕಿ, ದೊಡ್ಡವಳ ಕಾಲ ಹತ್ತಿರ ತಂದಿಟ್ಟಳು. ದಿನಾ ಇಡುತ್ತಿದ್ದಳು, ಇಟ್ಟು ಆಚೆ ಹೋಗುತ್ತಿದ್ದಳು. ದೊಡ್ಡವಳು ಬೋಗುಣಿಯನ್ನು ಕಾಲಿಂದಲೇ ಪಕ್ಕಕ್ಕೆ ತಳ್ಳಿದಳು. ನೀರು ನೆಲಕ್ಕೆಲ್ಲ ಚೆಲ್ಲಿತು.

"ಇದನ್ನ ನಿನ್ನ ಫೋಟೋಗೆ ಹಾಕ್ಕೋ, ಹೋಗು."

ನೆಲ ಒರೆಸಿದವಳೂ ಚಿಕ್ಕವಳೇ.

ಅದಾದ ಮೂರನೇ ದಿನ ಊಟದ ಹೊತ್ತಿಗೆ ಮುಂಚೆಯೇ ದೊಡ್ಡವಳ ತೊಡೆ ನಡುಗತೊಡಗಿತು. ಪಿನ್ನು ಬೀಳಿಸಬೇಕು ಅನ್ನುವಷ್ಟರಲ್ಲಿ ಎದುರಿಂದ ಚಿಕ್ಕವಳ ದನಿ ಬಂತು, "ಪಿನ್ನು ಬಿತ್ತು." ಅವಳು ಟವೆಲ್ಲಿನ ರಾಶಿಯ ಹಿಂದೆ ಮುಳುಗಿಹೋದಳು. ದೊಡ್ಡವಳು ಕಾದಳು. ಒಂದು ನಿಮಿಷವಾಯಿತು. ಹನ್ನೊಂದು ನಿಮಿಷ ಮೆತ್ತೆಯ ಮೇಲೆ ಕೂತದ್ದು ಸಾಲದೇ ಇವಳಿಗೆ? ಅಷ್ಟರಲ್ಲಿ ಶಿಳ್ಳೆ ದೊಡ್ಡವಳ ಪಕ್ಕಕ್ಕೇ ಬಂದು ನಿಂತ.

"ಯಾಕೆ, ಮುಖ ಹುಳ್ಳಗೆ ಮಾಡ್ಕೊಂಡಿದ್ದೀಯ?"

"ಪಿನ್ನು ತಾನಾಗಿ ಬೀಳಲ್ಲ ಸಾರ್," ಅಂದಳು ದೊಡ್ಡವಳು ಮೆಲ್ಲಗೆ. "ಬೀಳಿಸ್ತಾರೆ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಏನೆಂದು ಅವಳಿಗೆ ಗೊತ್ತಾಯಿತು. ಶಿಳ್ಳೆ ಆಗಲೇ ಆ ಕಡೆ ಹೋಗಿದ್ದ. ಚಿಕ್ಕವಳ ರಟ್ಟೆ ಹಿಡಿದು ಎಳೆದೆತ್ತಿದ.

"ಲೌಡಿ, ಫೋಟೋ ಹಿಡಿದ್ರು ಅಂತ ಮಹಾರಾಣಿ ಆಗಿಬಿಟ್ಯಾ? ಪಿನ್ನು ಹುಡುಕ್ತೀಯಾ ಪಿನ್ನು? ಎಲ್ಲಿ, ತೋರಿಸು ಕೈ!"

ಕೈ ಬಿಚ್ಚಿದಳು. ಪಿನ್ನು ಅಂಗೈಯಲ್ಲೇ ಇತ್ತು. ದೊಡ್ಡವಳು ತೂಗುಹಾಕಿದ ಪರದೆಗಳ ಹಿಂದೆ ಸರಿದು ನಿಂತಳು.

ಸಂಜೆಯೊಳಗೆ ಮಹಡಿಯ ಪಿನ್ನುಗಳೆಲ್ಲ ಒಂದು ತಗಡಿನ ಡಬ್ಬಿ ಸೇರಿದವು. ಬಟ್ಟೆಗೆ ಕ್ಲಿಪ್ಪು ಬಂತು, ಒಂದೊಂದಕ್ಕೂ ದಾರ ಕಟ್ಟಿತ್ತು. ಚಿಕ್ಕವಳನ್ನು ಬೀದಿಬಾಗಿಲಿಗೆ ಹಾಕಿದರು. ಬಿಸಿಲಿಗೆ ಎದುರಾಗಿ ನಿಂತು, ಬಂದವರಿಗೆ ಬಾಗಿಲು ತೆಗೆಯಬೇಕು. ಅಲ್ಲಿ ಕೌಂಟರೂ ಇಲ್ಲ, ಗೋಡೆಯೂ ಇಲ್ಲ.

"ಯಾವ ಹಾಳಾದವಳು ಬಾಯಿ ಬಿಟ್ಟಳೋ," ಅಂತ ಬೆಡ್‌ಶೀಟಿನವಳು ವಾರವೆಲ್ಲ ಶಾಪ ಹಾಕಿದಳು. "ಅವಳ ಕಾಲಿಗೆ ಹುಳ ಬೀಳ." ದೊಡ್ಡವಳು ತಲೆ ಬಗ್ಗಿಸಿ ಬಟ್ಟೆ ಅಳೆಯುತ್ತಿದ್ದಳು. ಮನೆಯಲ್ಲಿ ಚಿಕ್ಕವಳು ಒಂದು ಮಾತೂ ಎತ್ತಲಿಲ್ಲ. ಅವಳ ಪಾದವೂ ಊದತೊಡಗಿತ್ತು. ಆದರೂ ದಿನಾ ಬೋಗುಣಿ ತಂದಿಡುತ್ತಿದ್ದಳು. ಬೈದಿದ್ದರೆ ದೊಡ್ಡವಳಿಗೆ ಹಗುರವಾಗುತ್ತಿತ್ತು.

ಇಪ್ಪತ್ತು ದಿನಕ್ಕೆ ಶಾಸಕರ ವರದಿ ಬಂತು. ಹುರಿ ಬಿಗಿದ ಎರಡು ಕಟ್ಟು, ಮೊಣಕಾಲೆತ್ತರ. ಗಿರಾಕಿಗಳಿಗೆ ಒಂದೊಂದು ಕೊಡಲೆಂದು ಬಾಗಿಲ ಹತ್ತಿರ ಇಳಿಸಿದ್ದರು. ಮೇಲಿನ ಹಾಳೆಗಳನ್ನು ಎಳೆದು ಚಿಕ್ಕವಳು ಹಂಚುತ್ತಿದ್ದಳು. ಗಿರಾಕಿಯ ಪರದೆಗಂಟನ್ನು ಕಾರಿಗೆ ಹಾಕಲು ಕೆಳಗೆ ಬಂದ ದೊಡ್ಡವಳು, ವಾಪಸು ಬರುವಾಗ ಒಂದನ್ನು ತೆಗೆದುಕೊಂಡಳು. ಚಿಕ್ಕವಳ ಮುಖ ನೋಡಬಾರದೆಂದು ಹಾಳೆ ನೋಡಿದಳು.

ಮೇಲುಗಡೆ ಕೈ ಮುಗಿದು ನಿಂತ ಶಾಸಕರ ಫೋಟೋ. 'ಈ ಅಧಿವೇಶನದ ಮಸೂದೆಗಳು: ನಿಮ್ಮ ಶಾಸಕರಿಂದ ನಿಮಗೆ.' ಜಾಹೀರಾತು ಫಲಕಗಳ ಮಸೂದೆ, ಮಂಡನೆಯಾಗಿದೆ. ಕೆರೆಗಳ ಮಸೂದೆ, ಮುಂದೂಡಲಾಗಿದೆ. ಶಾಸಕರ ವೇತನ ಮತ್ತು ಭತ್ಯೆಗಳ ಮಸೂದೆ, ಚರ್ಚೆಯಿಲ್ಲದೆ ಅಂಗೀಕಾರವಾಗಿದೆ. ಅಂಗಡಿ ನೌಕರರು ಕೂರುವ ಹಕ್ಕಿನ ಮಸೂದೆ, ಸಮಿತಿಯ ಮುಂದಿದೆ. ಪಕ್ಕದಲ್ಲಿ ಕೆಂಪು ಸ್ಟೂಲಿನ ಮೇಲೆ ಕೆನ್ನೆಗುಳಿಯ ಚಿಕ್ಕವಳು. ಕೆಳಗೆ ಸಣ್ಣ ಅಕ್ಷರ:

'ಈ ಸೋದರಿಯನ್ನು ನಿಮ್ಮ ಕಷ್ಟವೇನು ಎಂದು ಕೇಳಿದೆ. ನನಗೆ ಏನೂ ಇಲ್ಲ ಸಾರ್, ಆ ಪರದೆ ಕೌಂಟರಿನಲ್ಲಿ ನಮ್ಮಕ್ಕ ಇದ್ದಾರೆ, ಹದಿನಾಲ್ಕು ವರ್ಷ ನಿಂತು ಅವರ ಕಾಲು ಹಾಳಾಗಿದೆ, ಈ ಸ್ಟೂಲು ಅವರಿಗೆ ಕೊಡಿ ಎಂದರು. ಇಂಥ ಮಾತು ಕೇಳಿದಾಗ ನನ್ನ ಹೃದಯ ತುಂಬಿಬಂತು.'

ದೊಡ್ಡವಳು ಎರಡನೇ ಸಲ ಓದಿದಳು. ಯಾರೋ ಗಿರಾಕಿ ಬಂದರು. ಚಿಕ್ಕವಳು ಬಾಗಿಲು ತೆಗೆದು ಒಂದು ಹಾಳೆ ಕೊಟ್ಟು ಒಳಗೆ ಬಿಟ್ಟಳು.

"ನಂಗ್ಯಾಕೆ ಹೇಳಲಿಲ್ಲ?"

"ಕಾಲು ತೋರ್ಸೋಕೇ ನಾಚ್ಕೋತೀರಿ. ಊರಿಗೆಲ್ಲ ಹೇಳಿದ್ಯಾ ಅಂತ ಬೈತಿದ್ರಿ."

"ಪಿನ್ನಿನ ವಿಷಯ..." ದೊಡ್ಡವಳು ಹಾಳೆಯನ್ನು ಮಡಚಿದಳು. "ಅವತ್ತು ಶಿಳ್ಳೆಗೆ..."

"ಗೊತ್ತು."

"ಯಾವಾಗಿಂದ?"

"ಅವನು ನನ್ನ ರಟ್ಟೆ ಹಿಡಿದಾಗ ನೀವು ಪರದೆ ಹಿಂದೆ ಹೋದ್ರಲ್ಲ, ಆಗಿಂದ."

ದೊಡ್ಡವಳು ಅಲ್ಲಿ ನಿಲ್ಲಲಿಲ್ಲ. ಸೀದಾ ಮೆಟ್ಟಿಲ ಸಂದಿಗೆ ಹೋದಳು. ಶಿಳ್ಳೆಯ ಊಟದ ಡಬ್ಬಿಯನ್ನು ಎತ್ತಿ ನೆಲದ ಮೇಲೆ ಇಟ್ಟಳು. ಸ್ಟೂಲನ್ನು ತಲೆಯ ಮೇಲೆ ಹೊತ್ತು, ಗಿರಾಕಿಗಳ ನಡುವೆಯೇ ಹಾದು, ಬೀದಿಬಾಗಿಲಿಗೆ ತಂದು ಕುಕ್ಕಿದಳು.

"ಕೂರು."

"ಅಕ್ಕ, ಕೆಲಸ ಹೋಗುತ್ತೆ."

"ಕೂರೇ ಅಂದ್ರೆ."

"ನೀವು ಕೂರಿ. ನಿಮ್ಮ ಕಾಲು..."

"ನಂಗೆ ಬೇರೆ ಇದೆ." ವರದಿಯ ಒಂದು ಕಟ್ಟನ್ನು ಹುರಿ ಹಿಡಿದು ಎಳೆದು, ಬಾಗಿಲ ಈ ಬದಿಗೆ ಹಾಕಿ, ಅದರ ಮೇಲೆ ಕೂತಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳಿಗೆ ಬೀದಿ ಕೂತವರ ಎತ್ತರದಿಂದ ಕಾಣಿಸಿತು. ಚಿಕ್ಕವಳು ಅವಳನ್ನೇ ನೋಡುತ್ತ ನಿಧಾನಕ್ಕೆ ಸ್ಟೂಲಿನ ಮೇಲೆ ಇಳಿದಳು.

ಮೇಲಿಂದ ಶಿಳ್ಳೆ ಕೇಳಿಸಿತು. ಇಬ್ಬರೂ ಅಲುಗಲಿಲ್ಲ. ಸಾಹುಕಾರರು ಗಲ್ಲಾ ಬಿಟ್ಟು ಓಡಿಬಂದರು.

"ಏಳೇ, ಮುಂಡೇದೇ! ಅದರ ಮೇಲೆ ಶಾಸಕರ ಫೋಟೋ ಇದೆ!"

"ಗೊತ್ತು ಸಾರ್," ಅಂದಳು ದೊಡ್ಡವಳು. "ಮೆತ್ತಗಿದೆ."

ಮೆಟ್ಟಿಲಿಳಿದು ಬಂದ ಬೆಡ್‌ಶೀಟಿನವಳು ಇಬ್ಬರನ್ನೂ ನೋಡಿದಳು. ಆಮೇಲೆ ಅವಳ ಕಣ್ಣು ಉಳಿದ ಇನ್ನೊಂದು ಕಟ್ಟಿನ ಮೇಲೆ ನಿಂತಿತು.

ಶಿಳ್ಳೆ ಈಗ ಹತ್ತಿರದಲ್ಲೇ, ಬೆನ್ನ ಹಿಂದೆಯೇ ಕೇಳಿಸಿತು. ಹೊರಗಿನಿಂದ ಗಿರಾಕಿಗಳು ಮೂರ್ನಾಲ್ಕು ಮಂದಿ ಬಾಗಿಲ ತನಕ ಬಂದು ನಿಂತಿದ್ದರು. ದೊಡ್ಡವಳು ಬಗ್ಗಿ ಚಪ್ಪಲಿ ಬಿಚ್ಚಿದಳು. ಪ್ಯಾಂಟನ್ನು ಒಂದೊಂದೇ ಮಡಿಕೆ ಮೇಲೆತ್ತಿ ಮೊಣಕಾಲಿನವರೆಗೆ ಸುತ್ತಿದಳು. ನೀಲಿ ಗಂಟುಗಳ ಎರಡೂ ಕಾಲನ್ನು ಬಾಗಿಲಿಗೆ ಅಡ್ಡವಾಗಿ, ಎಲ್ಲರೂ ನೋಡುವ ಹಾಗೆ ಚಾಚಿದಳು.